ಸೋಮವಾರದ ಅಳತೆ: ಬೇಸಿಗೆ ರಜೆಯಲ್ಲಿ ಬಿಸಿಯೂಟ ನಡೆಸಿದ ನನ್ನ ಅನುಭವ

ನಮ್ಮ ಶಾಲೆಯ ಮುಖ್ಯ ಅಡುಗೆಯವರು ಸೋಮವಾರ ಬಂತೆಂದರೆ ಎರಡು ಕಿಲೋ ಅಕ್ಕಿ ಹೆಚ್ಚಿಗೆ ಅಳೆಯುತ್ತಾರೆ. ನಾನು ಮುಖ್ಯ ಶಿಕ್ಷಕನಾಗಿ ಬಂದ ಹೊಸದರಲ್ಲಿ, ದಾಸ್ತಾನು ವಹಿಯ ಲೆಕ್ಕ ತಾಳೆಯಾಗದೆ, ಅವರನ್ನು ಗದರಿದ್ದೆ. ಅವರು ಸೌಟನ್ನು ಕೆಳಗಿಟ್ಟು, "ಸರ್, ಭಾನುವಾರ ಈ ಮಕ್ಕಳು ಏನು ಉಂಡಿರುತ್ತಾರೆ ಎಂದು ನೋಡಿದ್ದೀರಾ? ಸೋಮವಾರ ಎರಡು ಸಲ ಬಡಿಸಿಕೊಳ್ಳುತ್ತಾರೆ. ಬೇಕಾದರೆ ಇವತ್ತು ಇಲ್ಲೇ ನಿಂತು ನೋಡಿ" ಎಂದರು. ನಿಂತು ನೋಡಿದೆ. ಅಂದಿನಿಂದ ಸೋಮವಾರದ ಅಳತೆಯನ್ನು ಪ್ರಶ್ನಿಸಿಲ್ಲ. ಉಳಿದ ದಿನಗಳಲ್ಲಿ ಮಿಗುವುದರಲ್ಲಿ ಅದನ್ನು ಸರಿದೂಗಿಸುತ್ತೇವೆ.

ಒಂದು ದಿನದ ರಜೆಗೆ ಎರಡು ಕಿಲೋ. ಬೇಸಿಗೆ ರಜೆ ಕಳೆದು ಶಾಲೆ ತೆರೆದ ಮೊದಲ ವಾರ ಅವರ ಅಳತೆ ನಾಲ್ಕು ಕಿಲೋ. ರಜೆಯಲ್ಲಿ ಬಡ ಮಕ್ಕಳಿಗೆ ಸರ್ಕಾರ ಊಟ ಕೊಡಬೇಕೇ ಎಂಬ ಚರ್ಚೆ ನಡೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಅಳತೆ.

ನಮ್ಮದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಒಂದರಿಂದ ಏಳನೇ ತರಗತಿಯವರೆಗೆ ನೂರನಲವತ್ತು ಚಿಲ್ಲರೆ ಮಕ್ಕಳು; ಎರಡು ಕಿಲೋಮೀಟರ್ ದೂರದಲ್ಲೊಂದು ತಾಂಡಾ. ತೊಗರಿ, ಹತ್ತಿ ಬೆಳೆಯುವ ಸೀಮೆ. ಸುಗ್ಗಿ ಮುಗಿದರೆ ಅರ್ಧ ಊರು ಬೆಂಗಳೂರು, ಪುಣೆ, ಹೈದರಾಬಾದ್ ಎಂದು ಗುಳೆ ಹೋಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಮುಂದುವರಿಸುವಂತೆ ಆದೇಶ ಬಂತು. ನಮ್ಮ ಶಾಲೆ ಊಟದ ಕೇಂದ್ರವಾಯಿತು, ತಾಂಡಾದ ಕಿರಿಯ ಶಾಲೆಯ ಮಕ್ಕಳನ್ನೂ ನಮಗೇ ಸೇರಿಸಿದರು.

ಈ ಆದೇಶದ ಬೇರು ಸುಪ್ರೀಂ ಕೋರ್ಟಿನಲ್ಲಿದೆ. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ನ್ಯಾಯಾಲಯ 2001ರ ನವೆಂಬರಿನಲ್ಲಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಎಂದಿತು, ಕನಿಷ್ಠ 200 ದಿನ. 2004ರ ಏಪ್ರಿಲ್‌ನಲ್ಲಿ, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಕೊಡಿ ಎಂದಿತು. ಆದರೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮಧ್ಯಾಹ್ನದ ಊಟವನ್ನು ಮಗುವಿನ ಹಕ್ಕೆಂದು ಬರೆಯುವಾಗ, ಶಾಲಾ ರಜಾ ದಿನಗಳನ್ನು ಬಿಟ್ಟು ಪ್ರತಿದಿನ ಎಂದು ಬರೆಯಿತು. ಅಂದರೆ ಮಗುವಿನ ಹಕ್ಕಿಗೂ ರಜೆ ಇದೆ. ಮಳೆ ಕೈಕೊಟ್ಟರೆ ಮಾತ್ರ ಆ ರಜೆ ರದ್ದಾಗುತ್ತದೆ. ಹೊಲವೇ ಇಲ್ಲದ ಕೂಲಿಯವರ ಮಕ್ಕಳಿಗೆ ಏಪ್ರಿಲ್‌ನ ಹಸಿವು ಮಳೆ ಚೆನ್ನಾಗಿ ಬಂದ ವರ್ಷವೂ ಅಷ್ಟೇ ಎನ್ನುವುದು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಆದೇಶ ಬಂದಾಗ ನನ್ನ ಸಹೋದ್ಯೋಗಿಗಳಿಗೇ ಸಮಾಧಾನವಿರಲಿಲ್ಲ. ರಜೆ ಹೋಯಿತೆಂಬ ಸಿಟ್ಟು ಇತ್ತು, ನನಗೂ ಇತ್ತು. ಮಗಳ ಮನೆಗೆ ಹೋಗಲು ಟಿಕೆಟ್ ಮಾಡಿಸಿದ್ದೆ. ಅದರಾಚೆಗೆ ಒಬ್ಬರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಮನೆಗೆ ಅನ್ನಭಾಗ್ಯದ ಅಕ್ಕಿ ಬರುತ್ತದೆ. ಮೇಲಿನ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬೀಳುತ್ತದೆ. ಮಕ್ಕಳಿಗೆ ಉಣ್ಣಿಸುವುದನ್ನೂ ತಂದೆ ತಾಯಿ ಮಾಡದಿದ್ದರೆ ಹೇಗೆ?"

ಮನೆಮನೆಗೆ ಹೋದಾಗ ಉತ್ತರ ಸಿಕ್ಕಿತು. ಅಕ್ಕಿ ಇತ್ತು, ನಿಜ. ಬೇಯಿಸುವವರು ಇರಲಿಲ್ಲ. ತಾಯಿ ಬಿಸಿಲೇರುವ ಮುಂಚೆ ಉದ್ಯೋಗ ಖಾತ್ರಿಯ ಕೆರೆ ಹೂಳೆತ್ತುವ ಕೆಲಸಕ್ಕೆ ಹೋಗಿರುತ್ತಾಳೆ, ಇಲ್ಲವೇ ಊರಿನಲ್ಲೇ ಇರುವುದಿಲ್ಲ. ಕಣ್ಣು ಮಂಜಾದ ಅಜ್ಜಿ ಬೆಳಿಗ್ಗೆ ಒಂದು ಸಲ ಬೇಯಿಸಿಟ್ಟರೆ ರಾತ್ರಿಯವರೆಗೂ ಅದೇ. ಮೇಲೆ ಖಾರದ ಪುಡಿ, ಎಣ್ಣೆ. ಬೇಳೆಯ ಡಬ್ಬಿ ಖಾಲಿ; ಆ ವರ್ಷ ತೊಗರಿ ಬೆಳೆದವರ ಮನೆಯಲ್ಲೇ ತೊಗರಿ ಇರಲಿಲ್ಲ. ಒಂದು ಮನೆಯಲ್ಲಿ ಕಂಡದ್ದನ್ನು ಮರೆಯಲಾರೆ. ಅಂಗನವಾಡಿಗೆ ರಜೆ ಬಂದಿರಲಿಲ್ಲವಾದ್ದರಿಂದ ನಾಲ್ಕು ವರ್ಷದ ತಮ್ಮ ಅಲ್ಲಿ ಊಟ ಮಾಡಿ ಬಂದಿದ್ದ. ಅವನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ಕಾದು ಕರೆತಂದ ಅಕ್ಕ ನಮ್ಮ ಮೂರನೇ ತರಗತಿಯವಳು. ಅವಳದು ಇನ್ನೂ ಆಗಿರಲಿಲ್ಲ.

ನನ್ನ ಮೊದಲ ತಪ್ಪು ಮಾರ್ಚ್ ತಿಂಗಳಲ್ಲೇ ಆಗಿತ್ತು. ಒಪ್ಪಿಗೆ ಇರುವ ಮಕ್ಕಳ ಪಟ್ಟಿ ಕೇಳಿದ್ದರು. ನಾನು ತರಗತಿಗೆ ಹೋಗಿ, "ರಜೆಯಲ್ಲಿ ಊಟಕ್ಕೆ ಯಾರು ಬರುತ್ತೀರಿ, ಕೈ ಎತ್ತಿ" ಎಂದೆ. ಚಿಕ್ಕವರು ಎತ್ತಿದರು. ಆರು, ಏಳನೇ ತರಗತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರು ಎತ್ತಲೇಬೇಕಿತ್ತೋ ಅವರೇ ಎತ್ತಲಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಹಸಿವಿಗಿಂತ ಮಾನ ದೊಡ್ಡದು ಎಂಬುದು, ನಾನೂ ಹಾಸ್ಟೆಲ್ ಊಟ ಉಂಡು ಓದಿದವನು, ನನಗೆ ಹೊಳೆಯಬೇಕಿತ್ತು. ಪಟ್ಟಿಯಲ್ಲಿ 63 ಹೆಸರು. ಮೊದಲ ದಿನ ಬಂದವರು 19.

ಆ ರಾತ್ರಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಧ್ಯಕ್ಷರೊಡನೆ ಕಟ್ಟೆಯ ಮೇಲೆ ಕುಳಿತು ಯೋಚಿಸಿದೆವು. ಊಟಕ್ಕೆ ಕರೆಯುವುದನ್ನೇ ಬಿಡೋಣ ಎಂದರು ಅವರು; ಆಟಕ್ಕೆ ಕರೆಯೋಣ. ಮರುದಿನದಿಂದ ಬೆಳಿಗ್ಗೆ ಎಂಟಕ್ಕೆ ಗ್ರಂಥಾಲಯದ ಕಪಾಟು ತೆರೆದೆವು, ಕೇರಂ ಬೋರ್ಡ್ ಹೊರಗಿಟ್ಟೆವು, ಬೇವಿನ ಮರದ ಕೆಳಗೆ ಕಬಡ್ಡಿಗೆ ಗೆರೆ ಹಾಕಿದೆವು. ಊರಿನ ಎಲ್ಲ ಮಕ್ಕಳೂ ಬರಲಿ, ಖಾಸಗಿ ಶಾಲೆಯವರೂ ಬರಲಿ ಎಂದು ಡಂಗುರ ಸಾರಿಸಿದೆವು. ಆಡಿದವರೆಲ್ಲ ಕೊನೆಗೆ ಸಾಲಾಗಿ ಕುಳಿತು ಉಣ್ಣುವುದು. ಗೌಡರ ಮನೆಯ ಹುಡುಗ ಸಾಲಿನಲ್ಲಿ ಕುಳಿತ ದಿನ ಏಳನೇ ತರಗತಿಯ ಗುಂಪು ತಾನಾಗಿ ಬಂದು ಕುಳಿತಿತು. ಎರಡನೇ ವಾರದ ಕೊನೆಗೆ ಎಲೆ ಎಣಿಕೆ ಎಪ್ಪತ್ತು ದಾಟಿತ್ತು. ಬಡವರನ್ನು ಆರಿಸಿ ಉಣ್ಣಿಸಬೇಕೆಂದು ಪಟ್ಟು ಹಿಡಿಯುವವರಿಗೆ ನಾನು ಹೇಳುವುದು ಇದನ್ನೇ: ಆರಿಸಿದರೆ ಬಡವರು ಬರುವುದಿಲ್ಲ.

ಸಮಯದ್ದೂ ಒಂದು ಪಾಠವಾಯಿತು. ಶಾಲೆಯ ದಿನಗಳಂತೆ ಮಧ್ಯಾಹ್ನದ ಊಟ ಎಂದು ಮೊದಲು ನಿಗದಿ ಮಾಡಿದ್ದೆ. 40 ಡಿಗ್ರಿ ದಾಟುವ ಬಿಸಿಲಲ್ಲಿ ಬರಿಗಾಲಿನ ಮಕ್ಕಳು ಹೊರಡುವುದಾದರೂ ಹೇಗೆ? ಹತ್ತೂವರೆಗೆ ಬದಲಿಸಿದೆವು. ಅಡುಗೆಯವರು ನಸುಕಿನಲ್ಲೇ ಬರಬೇಕಾಯಿತು. ಅವರಿಗೆ ಸಿಗುವುದು ವರ್ಷಕ್ಕೆ ಹತ್ತು ತಿಂಗಳ ಲೆಕ್ಕದ ಗೌರವಧನ; ಸಂಬಳ ಎನ್ನುವ ಪದವನ್ನೂ ಸರ್ಕಾರ ಬಳಸುವುದಿಲ್ಲ. ರಜೆಯಲ್ಲಿ ಕೂಲಿಗೆ ಹೋಗಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದ ಹೆಂಗಸರು ಅವರು. ರಜೆಯೂಟದ ಬಗ್ಗೆ ಉದಾರವಾಗಿ ಮಾತಾಡುವ ನಾವು ಯಾರ ಬೆನ್ನ ಮೇಲೆ ಆ ಔದಾರ್ಯ ಕೂತಿದೆ ಎಂದು ನೋಡುವುದು ಕಡಿಮೆ.

ತಾಂಡಾದ ಮಕ್ಕಳು ಹತ್ತೂವರೆಗೂ ಬರಲಿಲ್ಲ. ಎರಡು ಕಿಲೋಮೀಟರ್ ನಡೆದು ಬಂದು ಉಂಡು ಮತ್ತೆ ನಡೆದು ಹೋದರೆ ಉಂಡದ್ದು ದಾರಿಯಲ್ಲೇ ಕರಗುತ್ತದೆ ಎಂದು ಅಲ್ಲಿನ ಹಿರಿಯರೊಬ್ಬರು ನಕ್ಕರು. ಅಲ್ಲಿಗೇ ಊಟ ಕಳಿಸಿದೆವು. ಮುಚ್ಚಳದ ಪಾತ್ರೆಗಳು, ಊರಿನವರೊಬ್ಬರ ಸರಕು ಆಟೊ, ಜೊತೆಗೆ ಒಬ್ಬ ಅಡುಗೆಯವರು. ಮೊದಲು ಮಾಡಿ ಆಮೇಲೆ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆದುಕೊಂಡೆವು. ತಪ್ಪು ಕ್ರಮವೇ; ಮೊದಲು ಕೇಳಿದ್ದರೆ ಉತ್ತರ ಬರುವಷ್ಟರಲ್ಲಿ ಜೂನ್ ಆಗುತ್ತಿತ್ತು.

ಹಣದ ಮಾತು. ಆಗ ಅಡುಗೆ ವೆಚ್ಚವೆಂದು ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 5 ರೂಪಾಯಿ 45 ಪೈಸೆ, ಅದರ ಮೇಲಿನವರಿಗೆ 8 ರೂಪಾಯಿ 17 ಪೈಸೆ. ಅಕ್ಕಿ ಬೇರೆ ಬರುತ್ತದೆ, ಚಿಕ್ಕವರಿಗೆ 100 ಗ್ರಾಂ, ದೊಡ್ಡವರಿಗೆ 150. ಬೇಸಿಗೆಯ ತರಕಾರಿ ಬೆಲೆಗೆ ಈ ದುಡ್ಡು ಯಾವ ಮೂಲೆಗೂ ಸಾಲದು. ನಮ್ಮನ್ನು ಕಾಪಾಡಿದ್ದು ಶಾಲೆಯ ಹಿತ್ತಲಿನ ನುಗ್ಗೆ ಮರಗಳು. ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರು ಕುಡಿಯುತ್ತಿದ್ದ ಆ ಬೇಸಿಗೆಯಲ್ಲೂ ಅವು ಚಿಗುರಿದವು. ವಾರಕ್ಕೆ ಮೂರು ದಿನ ಬೇಳೆಗೆ ನುಗ್ಗೆಸೊಪ್ಪು. ಮಕ್ಕಳು ಮುಖ ಸಿಂಡರಿಸಿಕೊಂಡೇ ತಿಂದರು.

ಮೇ 7ರಂದು ಲೋಕಸಭೆಗೆ ಮತದಾನ, ನಮ್ಮ ಶಾಲೆಯೇ ಮತಗಟ್ಟೆ. ಅದೇ ಅಡುಗೆಯವರು ಮತಗಟ್ಟೆಯ ಸಿಬ್ಬಂದಿಗೂ ಬೇಯಿಸಬೇಕು. ಆ ಎರಡು ದಿನ ಮಕ್ಕಳಿಗೆ ಹನುಮಪ್ಪನ ಗುಡಿಯ ಅಂಗಳದಲ್ಲಿ ಬಡಿಸಿದೆವು.

ತಪಾಸಣೆಗೆ ಬಂದ ಒಬ್ಬರು ಎಲೆಗಳನ್ನು ಎಣಿಸಿ, ಹಾಜರಾತಿ ಎಣಿಸಿ, "ಹೆಚ್ಚಿಗೆ ಇರುವ ಈ ಹನ್ನೊಂದು ಮಕ್ಕಳು ಯಾರು?" ಎಂದು ಕೇಳಿದರು. ಯಾರೆಂದರೆ: ಏಳನೇ ತರಗತಿ ಮುಗಿಸಿ ವರ್ಗಾವಣೆ ಪತ್ರ ಪಡೆದವರು, ಹೈಸ್ಕೂಲಿಗೆ ಇನ್ನೂ ಸೇರದವರು. ಜೂನ್‌ನಲ್ಲಿ ಒಂದನೇ ತರಗತಿಗೆ ಬರಲಿರುವವರು. ಬೇರೆ ಊರಿನಿಂದ ಅಜ್ಜಿಯ ಮನೆಗೆ ಬಂದವರು. ಇವರು ಯಾವ ಶಾಲೆಯ ಲೆಕ್ಕದಲ್ಲೂ ಇಲ್ಲ, ಆದರೆ ಹೊಟ್ಟೆ ಇದೆ. ಗೌಡರ ಹುಡುಗನನ್ನೂ ಅದರಲ್ಲೇ ಸೇರಿಸಿಕೊಳ್ಳಿ. ನನ್ನಿಂದ ವಿವರಣೆ ಬರೆಸಿಕೊಂಡು ಹೋದರು. ಅವರನ್ನು ದೂರುವುದಿಲ್ಲ, ಅವರ ನಮೂನೆಯಲ್ಲಿ ಅಂಥ ಮಕ್ಕಳಿಗೆ ಕಾಲಂ ಇರಲಿಲ್ಲ.

ಅಕ್ಕಿಯನ್ನೋ ದುಡ್ಡನ್ನೋ ಮನೆಗೇ ಕೊಟ್ಟರೆ ಇಷ್ಟೆಲ್ಲ ರಗಳೆ ಇಲ್ಲವಲ್ಲ ಎನ್ನುವವರಿದ್ದಾರೆ. ಕೊರೊನಾ ಕಾಲದಲ್ಲಿ ಅದನ್ನೂ ನೋಡಿದ್ದೇವೆ. ಶಾಲೆ ಮುಚ್ಚಿದಾಗ ಅಕ್ಕಿ, ಬೇಳೆ ಅಳೆದು ಕೊಟ್ಟೆವು. 2021ರಲ್ಲಿ ಕೇಂದ್ರ ಸರ್ಕಾರ ಒಂದು ಸಲಕ್ಕೆಂದು ಮಗುವಿಗೆ ಸುಮಾರು ನೂರು ರೂಪಾಯಿ ಖಾತೆಗೆ ಹಾಕುವುದಾಗಿ ಹೇಳಿತು. ಮನೆಗೆ ಹೋದ ಅಕ್ಕಿ ಮನೆಯ ಅಕ್ಕಿಯಾಗುತ್ತದೆ, ಎಲ್ಲರ ಪಾಲಾಗುತ್ತದೆ. ಅದರಲ್ಲಿ ತಪ್ಪೂ ಇಲ್ಲ. ಆದರೆ ಬಡಿಸಿದ ಎಲೆಯ ಮುಂದೆ ಕುಳಿತದ್ದು ಮಗುವೇ ಎಂದು ನಾನು ಕಣ್ಣಾರೆ ನೋಡಿ ಸಹಿ ಹಾಕಬಲ್ಲೆ.

ನಮ್ಮ ಕೈ ಮುಟ್ಟದವರು ಗುಳೆ ಹೋದವರ ಮಕ್ಕಳು. ಒಬ್ಬ ತಂದೆಗೆ ಫೋನ್ ಮಾಡಿ, ನೀವಿರುವಲ್ಲಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಊಟವಿದೆಯೇ ವಿಚಾರಿಸಿ ಎಂದೆ. "ಸರ್, ಶೀಟಿನ ಮನೆಯಿಂದ ಕಟ್ಟಡ, ಕಟ್ಟಡದಿಂದ ಶೀಟಿನ ಮನೆ. ಶಾಲೆ ಎಲ್ಲಿದೆಯೋ ಯಾರಿಗೆ ಗೊತ್ತು?" ಎಂದ. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ನಾವು ಎಣಿಸದ ಒಂದು ಸಂಗತಿಯೂ ನಡೆಯಿತು. ಏಪ್ರಿಲ್ ಕೊನೆಗೆ ಹೊರಟ ಎರಡು ಕುಟುಂಬಗಳು, ಒಂದು ಹೊತ್ತಿನ ಊಟ ಶಾಲೆಯಲ್ಲಾಗುತ್ತದೆ ಎಂದು, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋದವು. ಹಾಗೆ ಬಿಟ್ಟು ಹೋದದ್ದು ಒಳ್ಳೆಯದೇ ಎಂದು ಈಗಲೂ ಖಚಿತವಾಗಿ ಹೇಳಲಾರೆ. ತಾಯಿ ದೂರ, ಊಟ ಹತ್ತಿರ. ಜೂನ್‌ನಲ್ಲಿ ಆ ನಾಲ್ವರೂ ಮೊದಲ ದಿನವೇ ತರಗತಿಯಲ್ಲಿದ್ದರು. ಹಿಂದಿನ ವರ್ಷ ಅವರು ಬಂದದ್ದು ಆಗಸ್ಟ್‌ನಲ್ಲಿ.

ಶಾಲೆ ತೆರೆದ ದಿನ ಅಡುಗೆಯವರು ಎಂದಿನ ಲೆಕ್ಕದಂತೆ ನಾಲ್ಕು ಕಿಲೋ ಹೆಚ್ಚಿಗೆ ಅಳೆದಿದ್ದರು. ಊಟ ಮುಗಿದಾಗ ಪಾತ್ರೆಯಲ್ಲಿ ಅನ್ನ ಉಳಿದಿತ್ತು. ಅವರು ಅದನ್ನು ನನಗೆ ಕರೆದು ತೋರಿಸಿದರು. "ದಸರೆ ರಜೆಗೆ ಏನು ಮಾಡುವುದು, ಸರ್?" ಎಂದರು. ಆದೇಶ ಬೇಸಿಗೆಗೆ ಮಾತ್ರ ಎಂದೆ.

ಅಕ್ಟೋಬರ್‌ನಲ್ಲಿ ದಸರೆ ರಜೆ ಮುಗಿದು ಶಾಲೆ ಶುರುವಾದ ದಿನ ಅವರು ನನ್ನನ್ನು ಏನೂ ಕೇಳಲಿಲ್ಲ. ಮೂರು ಕಿಲೋ ಹೆಚ್ಚಿಗೆ ಅಳೆದರು. ಪಾತ್ರೆ ಖಾಲಿಯಾಯಿತು.