ಆ ಒಂದು ಸೊನ್ನೆ ಮರೆಯಬೇಡಿ: ಸಂಶ್ಲೇಷಿತ ಭಾಗಾಕಾರ ಮಾಡುವ ಬಗೆ

ದೀರ್ಘ ಭಾಗಾಕಾರದಲ್ಲಿ ಅರ್ಧ ಪುಟ ತಿನ್ನುವ ಬಹುಪದೋಕ್ತಿಯ ಲೆಕ್ಕ ಸಂಶ್ಲೇಷಿತ ಭಾಗಾಕಾರದಲ್ಲಿ ಮೂರೇ ಸಾಲಿಗೆ ಮುಗಿಯುತ್ತದೆ. ಇಲ್ಲಿ ಎಕ್ಸ್ ಬರೆಯುವ ಗೋಜಿಲ್ಲ, ಬರೀ ಸಹಗುಣಕಗಳು, ಅಂದರೆ ಎಕ್ಸ್ ಘಾತಗಳ ಮುಂದಿರುವ ಸಂಖ್ಯೆಗಳು. ಯಾವುದು ಯಾವ ಘಾತದ್ದು ಎಂಬುದನ್ನು ಅವು ನಿಂತ ಜಾಗವೇ ಹೇಳಬೇಕು.

2ಎಕ್ಸ್³ − 7ಎಕ್ಸ್ + 6 ಅನ್ನು ಎಕ್ಸ್ + 3ರಿಂದ ಭಾಗಿಸೋಣ.

ಮೊದಲು ಭಾಜ್ಯವನ್ನು ಇಳಿಕೆ ಕ್ರಮದಲ್ಲಿ ನೋಡಿ. ಎಕ್ಸ್² ಪದವೇ ಇಲ್ಲ. ಅದರ ಜಾಗಕ್ಕೆ 0 ಇಡಿ: 2, 0, −7, 6. ಎಡಕ್ಕೆ ಬರೆಯುವುದು ಭಾಜಕದ ಶೂನ್ಯತೆ. ಎಕ್ಸ್ + 3 = 0 ಆದಾಗ ಎಕ್ಸ್ = −3. ಆದ್ದರಿಂದ 3 ಅಲ್ಲ, −3.

−3 | 2    0    −7    6
   |     −6    18   −33
     2   −6    11   −27

ಮೊದಲ 2 ಹಾಗೇ ಕೆಳಗಿಳಿಯುತ್ತದೆ. ಅದನ್ನು −3ರಿಂದ ಗುಣಿಸಿ, ಬಂದ −6 ಅನ್ನು ಮುಂದಿನ ಕಂಬಸಾಲಿನಲ್ಲಿ ಸೊನ್ನೆಯ ಕೆಳಗೆ ಬರೆದು ಕೂಡಿಸಿ: −6. ಮತ್ತೆ ಗುಣಿಸಿದರೆ 18, ಕೂಡಿಸಿದರೆ 11. ಕೊನೆಗೆ −33, ಮೊತ್ತ −27. ಕೊನೆಯ ಸಂಖ್ಯೆ ಶೇಷ. ಉಳಿದವು ಭಾಗಲಬ್ಧದ ಸಹಗುಣಕಗಳು, ಭಾಜ್ಯಕ್ಕಿಂತ ಒಂದು ಘಾತ ಕಡಿಮೆಯಿಂದ ಶುರು. ಉತ್ತರ 2ಎಕ್ಸ್² − 6ಎಕ್ಸ್ + 11, ಶೇಷ −27.

ದೀರ್ಘ ಭಾಗಾಕಾರದ ರೂಢಿಯಲ್ಲಿ ಕೈ ತಾನಾಗಿಯೇ ಕಳೆಯಲು ಹೋಗುತ್ತದೆ. ಇಲ್ಲಿ ಕಳೆಯುವುದಿಲ್ಲ, ಏಕೆಂದರೆ 3ನ್ನು −3 ಮಾಡಿದಾಗಲೇ ಚಿಹ್ನೆ ಬದಲಾಗಿದೆ.

ಸೊನ್ನೆ ಬಿಟ್ಟಿದ್ದರೆ? 2, −7, 6 ಇಟ್ಟುಕೊಂಡು ಮಾಡಿದರೆ 2, −13, 45 ಬರುತ್ತದೆ. ನೋಡಲು ಸರಿಯಾದ ಲೆಕ್ಕದಂತೆಯೇ ಇದೆ, ಅದೇ ಅಪಾಯ. ಘನದ ಬಹುಪದೋಕ್ತಿಗೆ ನಾಲ್ಕು ಸಂಖ್ಯೆ ಇರಲೇಬೇಕು. ಘಾತಕ್ಕಿಂತ ಒಂದು ಹೆಚ್ಚು. ಬರೆದ ಕೂಡಲೇ ಎಣಿಸಿ.

ತಾಳೆ ನೋಡಲು ಶೇಷ ಪ್ರಮೇಯವಿದೆ: ಭಾಜಕದ ಶೂನ್ಯತೆಯನ್ನು ಭಾಜ್ಯದ ಎಕ್ಸ್ ಜಾಗಕ್ಕೆ ಹಾಕಿದರೆ ಬರುವ ಬೆಲೆಯೇ ಶೇಷ. ಎಕ್ಸ್ ಜಾಗಕ್ಕೆ −3 ಹಾಕಿ: −54 + 21 + 6 = −27. ಇದು ಕಾಕತಾಳೀಯವಲ್ಲ. ಅದೇ ಬಹುಪದೋಕ್ತಿಯನ್ನು ((2ಎಕ್ಸ್ + 0)ಎಕ್ಸ್ − 7)ಎಕ್ಸ್ + 6 ಎಂದು ಬರೆದು ಒಳಗಿನ ಆವರಣದಿಂದ ಬಿಡಿಸುತ್ತಾ ಬನ್ನಿ: ಗುಣಿಸು, ಕೂಡಿಸು, ಗುಣಿಸು, ಕೂಡಿಸು. ಮೇಲಿನ ಮೂರು ಸಾಲು ಮಾಡಿದ್ದೂ ಅದನ್ನೇ. ಶೇಷ 0 ಬಂದರೆ ಭಾಜಕವು ಅಪವರ್ತನ.

ಭಾಜಕ 2ಎಕ್ಸ್ − 1ರಂತಿದ್ದರೆ ಎಡಕ್ಕೆ ½ ಬರುತ್ತದೆ. 4ಎಕ್ಸ್³ − 2ಎಕ್ಸ್² + 6ಎಕ್ಸ್ + 1ಕ್ಕೆ ಇದನ್ನು ಮಾಡಿದರೆ ಕೆಳಸಾಲು 4, 0, 6, 4. ಆದರೆ ನಾವು ಭಾಗಿಸಿದ್ದು ಎಕ್ಸ್ − ½ರಿಂದ, ಭಾಜಕ ಅದರ ಎರಡರಷ್ಟು. ಹಾಗಾಗಿ 4, 0, 6 ಅನ್ನು 2ರಿಂದ ಭಾಗಿಸಿ: ಭಾಗಲಬ್ಧ 2ಎಕ್ಸ್² + 3. ಶೇಷ 4ನ್ನು ಮುಟ್ಟಬೇಡಿ. ಅದನ್ನೂ ಅರ್ಧ ಮಾಡಿ ಅಂಕ ಕಳೆದುಕೊಳ್ಳುವವರು ಬಹಳ.

ಭಾಜಕದಲ್ಲಿ ಎಕ್ಸ್² ಕಂಡರೆ ಈ ಮೂರು ಸಾಲಿನ ಚೌಕಟ್ಟು ಒಗ್ಗುವುದಿಲ್ಲ, ದೀರ್ಘ ಭಾಗಾಕಾರಕ್ಕೇ ಹೋಗಿ.