ಹೋಂಸ್ಟೇಯಲ್ಲಿ ಇವಿ ಚಾರ್ಜಿಂಗ್: ಯಂತ್ರಕ್ಕಿಂತ ಮೊದಲು ಅರ್ಥಿಂಗ್

ಮೂಡಿಗೆರೆ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇನೆ. ಕೋಣೆ ಕಾಯ್ದಿರಿಸಲು ಫೋನ್ ಮಾಡುವವರು ಮೊದಲೆಲ್ಲ ಜಿಗಣೆ ಕಾಟ ಇದೆಯೇ, ಅಕ್ಕಿರೊಟ್ಟಿ ಸಿಗುತ್ತದೆಯೇ ಎಂದು ಕೇಳುತ್ತಿದ್ದರು. ಈಗ ವಿದ್ಯುತ್ ಕಾರು (ಇವಿ) ಇರುವವರು ಅವೆರಡಕ್ಕೂ ಮುಂಚೆ, ‘ಮೇಡಂ, ಕಾರು ಚಾರ್ಜ್ ಮಾಡಬಹುದೇ?’ ಎನ್ನುತ್ತಾರೆ. ಬೆಂಗಳೂರಿನಿಂದ ನಮ್ಮಲ್ಲಿಗೆ ಸುಮಾರು 250 ಕಿಲೋಮೀಟರ್. ಹಾಸನದವರೆಗೆ ಹೆದ್ದಾರಿಯಲ್ಲಿ ವೇಗದ ಚಾರ್ಜರ್‌ಗಳು ಸಿಗುತ್ತವೆ, ಬೇಲೂರು ದಾಟಿ ಮಲೆನಾಡಿನ ಒಳಗೆ ಬಂದಂತೆಲ್ಲ ವಿರಳವಾಗುತ್ತವೆ. ಮಂಗಳೂರಿನ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬರುವವರಿಗೆ ದೂರ ಕಡಿಮೆಯಾದರೂ ಏರು ಹೆಚ್ಚು. ನಾಲ್ಕು ಜನ ಕುಳಿತ ಕಾರು ಸುಮಾರು ಒಂಬೈನೂರು ಮೀಟರ್ ಮೇಲೇರಲು ಐದು ಯೂನಿಟ್‌ನಷ್ಟು ವಿದ್ಯುತ್ ಬೇಕು. ದಾರಿಯ ದೂರ ಕ್ರಮಿಸುವ ಖರ್ಚು ಬೇರೆ. ನಮ್ಮ ಗೇಟಿಗೆ ಬಂದು ನಿಲ್ಲುವಾಗ ಬ್ಯಾಟರಿಯಲ್ಲಿ ಹನ್ನೆರಡು, ಹದಿನೈದು ಶೇಕಡಾ ಉಳಿದಿರುವುದು ಸಾಮಾನ್ಯ. ಆಗ ಅವರ ಮುಖದಲ್ಲಿರುವ ಆತಂಕ ನನಗೆ ಚೆನ್ನಾಗಿ ಗೊತ್ತು. ಮಕ್ಕಳನ್ನು ಕಾರಿನಿಂದ ಇಳಿಸುವ ಮೊದಲೇ ಪ್ಲಗ್ ಎಲ್ಲಿದೆ ಎಂದು ಹುಡುಕುತ್ತಾರೆ.

ಅತಿಥಿಗೆ ಬೇಕಿರುವುದು ವೇಗವಲ್ಲ, ಭರವಸೆ ಎಂಬುದು ನನಗೆ ಬೇಗನೇ ಮನವರಿಕೆಯಾಯಿತು. ಹೆದ್ದಾರಿಯ ಹೋಟೆಲಿನಲ್ಲಿ ಊಟ ಮುಗಿಯುವುದರೊಳಗೆ ಚಾರ್ಜ್ ಆಗಬೇಕು. ಹೋಂಸ್ಟೇಯಲ್ಲಿ ಕಾರು ಸಂಜೆ ಏಳಕ್ಕೆ ನಿಂತರೆ ಬೆಳಗ್ಗೆ ತಿಂಡಿ ಮುಗಿಯುವವರೆಗೆ ಅಲ್ಲಾಡುವುದಿಲ್ಲ. ಸರಿಯಾದ 16 ಆಂಪಿಯರ್ ಸಾಕೆಟ್‌ನಿಂದ ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್ ಸಿಕ್ಕರೂ ಹನ್ನೆರಡು ಗಂಟೆಯಲ್ಲಿ ಮೂವತ್ತು ಯೂನಿಟ್ ಮೇಲೆ ಹೋಗುತ್ತದೆ. ಚಾರ್ಜಿಂಗ್‌ನಲ್ಲಿ ಸೋರಿಹೋಗುವ ಶೇಕಡಾ ಹತ್ತು, ಹನ್ನೆರಡನ್ನು ಕಳೆದರೂ ನಮ್ಮ ಘಟ್ಟದ ರಸ್ತೆಯಲ್ಲಿ ನೂರೈವತ್ತು ಕಿಲೋಮೀಟರ್‌ಗೆ ಧಾರಾಳ. 40 ಯೂನಿಟ್ ಆಸುಪಾಸಿನ ಬ್ಯಾಟರಿಯ ನೆಕ್ಸಾನ್, ವಿಂಡ್ಸರ್‌ನಂಥ ಕಾರುಗಳಿಗೆ ಒಂದು ರಾತ್ರಿ ಬಹುಪಾಲು ಸಾಕಾಗುತ್ತದೆ. ಆದ್ದರಿಂದ ಲಕ್ಷಗಟ್ಟಲೆ ಸುರಿದು ಡಿಸಿ ಫಾಸ್ಟ್ ಚಾರ್ಜರ್ ತರುವ ಯೋಚನೆಯನ್ನು ನಾನು ಮಾಡಲೇ ಇಲ್ಲ. ಇದ್ದ ಹಣವನ್ನೆಲ್ಲ ಕಣ್ಣಿಗೆ ಕಾಣದ ಕೆಲಸಗಳಿಗೆ ಹಾಕಿದೆ: ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ), ವೈರು, ಬ್ರೇಕರ್.

ಅರ್ಥಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಳ್ಳಿಮನೆಗಳಲ್ಲಿ ಹೆಸರಿಗೊಂದು ಅರ್ಥ್ ತಂತಿ ಇರುತ್ತದೆ. ಮಿಕ್ಸಿ, ಟಿವಿ, ಫ್ರಿಜ್ ಅದರ ಗೊಡವೆಗೆ ಹೋಗುವುದಿಲ್ಲ. ಕಾರು ಹಾಗಲ್ಲ. ಚಾರ್ಜಿಂಗ್ ಕೇಬಲ್ಲಿನ ಪೆಟ್ಟಿಗೆ ಮೊದಲು ಅರ್ಥ್ ಇದೆಯೇ ಎಂದು ಪರೀಕ್ಷಿಸುತ್ತದೆ. ಸಮಾಧಾನವಾಗದಿದ್ದರೆ ಕೆಂಪು ದೀಪ ಹೊತ್ತಿಸಿ ಸುಮ್ಮನಾಗುತ್ತದೆ. ಹೋಂಸ್ಟೇಗಳಲ್ಲಿ ‘ಪ್ಲಗ್ ಇತ್ತು, ಆದರೆ ಚಾರ್ಜ್ ಆಗಲಿಲ್ಲ’ ಎಂದು ಅತಿಥಿಗಳು ಹೇಳುವ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಇದೇ ಕಾರಣ.

ಕೆಲಸ ಹಿಡಿದ ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ ಮೊದಲು ಮಾಡಿದ್ದು ಹಳೆಯ ಅರ್ಥ್ ಗುಂಡಿಯ ಅಳತೆ. ಬೇಸಿಗೆಯ ಕೊನೆಯ ದಿನಗಳು ಅವು. ಟೆಸ್ಟರ್ ಮುಳ್ಳು ಹತ್ತೊಂಬತ್ತು ಓಮ್‌ನಲ್ಲಿ ನಿಂತಿತು. ಕರೆಂಟ್ ನೆಲಕ್ಕಿಳಿಯಲು ಇರುವ ಅಡ್ಡಿಯ ಅಳತೆ ಅದು, ಕಡಿಮೆಯಿದ್ದಷ್ಟೂ ಒಳ್ಳೆಯದು. ‘ಅಮ್ಮಾ, ಐದರೊಳಗೆ ಬರಬೇಕು. ಈ ಜಂಬಿಟ್ಟಿಗೆ ಮಣ್ಣು ಒಣಗಿದರೆ ಕರೆಂಟ್ ಹಿಡಿಯುವುದಿಲ್ಲ’ ಎಂದು ಆತ ಗುಂಡಿಗೆ ಎರಡು ಕೊಡ ನೀರು ಹುಯ್ಯಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದಾಗ ಮುಳ್ಳು ಹನ್ನೊಂದಕ್ಕೆ ಇಳಿದಿತ್ತು. ಅಂದರೆ ಮಳೆಗಾಲದಲ್ಲಿ ಚೆನ್ನಾಗಿರುವ ಅರ್ಥಿಂಗ್, ಪ್ರವಾಸಿಗಳು ಹೆಚ್ಚು ಬರುವ ಏಪ್ರಿಲ್, ಮೇ ತಿಂಗಳಲ್ಲೇ ಕೈಕೊಡುತ್ತದೆ. ಹಾಗಾಗಿ ಕಾರು ನಿಲ್ಲುವ ಜಾಗದ ಹತ್ತಿರವೇ ಎರಡು ಹೊಸ ಗುಂಡಿ ತೋಡಿಸಿದೆ. ಮೂರು ಮೀಟರ್ ಉದ್ದದ ತಾಮ್ರ ಲೇಪಿತ ರಾಡ್ ಇಳಿಸಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಮಿಶ್ರಣ ತುಂಬಿಸಿ, ಎರಡನ್ನೂ ಪಟ್ಟಿಯಿಂದ ಜೋಡಿಸಿದರು. ಓಮ್ ಮೂರಕ್ಕೆ ಬಂತು. ಗುಂಡಿಗಳನ್ನು ಬಚ್ಚಲಿನ ನೀರು ಹರಿದುಹೋಗುವ ಅಡಿಕೆ ಸಾಲಿನ ಪಕ್ಕಕ್ಕೆ ಹಾಕಿಸಿದ್ದು ನನ್ನ ಸಲಹೆ. ಅಲ್ಲಿ ವರ್ಷವಿಡೀ ಮಣ್ಣು ಒದ್ದೆಯಾಗಿರುತ್ತದೆ. ಪ್ರತಿ ಮಾರ್ಚ್‌ನಲ್ಲಿ ಒಮ್ಮೆ ಅಳೆಸುತ್ತೇನೆ.

ನಂತರ ವೈರು. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಶೆಡ್ಡಿಗೆ ನಲವತ್ತು ಮೀಟರ್. ಅಷ್ಟು ದೂರಕ್ಕೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದು 32 ಆಂಪಿಯರ್ ಹರಿಸಿದರೆ ಸುಮಾರು ಹನ್ನೆರಡು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 10 ಚದರ ಮಿಲಿಮೀಟರ್ ಹಾಕಿದರೆ ಐದರೊಳಗೆ. ಪೇಟೆಯಲ್ಲಿ ಹನ್ನೆರಡು ವೋಲ್ಟ್ ದೊಡ್ಡ ಮಾತಲ್ಲ. ನಮ್ಮಲ್ಲಿ ಸುತ್ತಲಿನ ತೋಟದವರೆಲ್ಲ ಹೂಮಳೆಗೆ (ಕಾಫಿ ಹೂ ಅರಳಿಸುವ ಮಳೆಗೆ) ಕಾಯದೆ ಫೆಬ್ರುವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಮೋಟಾರ್ ಹಾಕಿದಾಗ ವೋಲ್ಟೇಜ್ ಮೊದಲೇ 180ಕ್ಕೆ ಕುಸಿದಿರುತ್ತದೆ. ಅದರಲ್ಲಿ ಇನ್ನೂ ಹನ್ನೆರಡು ಹೋದರೆ ಕಾರು ಚಾರ್ಜಿಂಗ್ ನಿಲ್ಲಿಸಿಯೇ ಬಿಡಬಹುದು. ದಪ್ಪ ತಂತಿಯನ್ನೇ ಪೈಪಿನೊಳಗೆ ಹಾಕಿ ನೆಲದಲ್ಲಿ ಹೂಳಿಸಿದೆ. ಇಲಿ, ಹೆಗ್ಗಣಗಳ ಹಲ್ಲಿಗೆ ಸಿಗಬಾರದೆಂದು ಪೈಪಿನ ಎರಡೂ ಬಾಯಿಗಳನ್ನು ಮುಚ್ಚಿಸಿದೆ.

ಶೆಡ್ಡಿನಲ್ಲಿ ಈಗ 7.2 ಕಿಲೋವ್ಯಾಟ್‌ನ ಒಂದು ಗೋಡೆ ಚಾರ್ಜರ್ ಮತ್ತು ಕೈಗಾರಿಕಾ ಬಗೆಯ ಒಂದು 16 ಆಂಪಿಯರ್ ಸಾಕೆಟ್ ಇವೆ. ಎರಡಕ್ಕೂ ಬೇರೆ ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಬ್ರೇಕರ್), ಬೇರೆ ಬೇರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಬ್ರೇಕರ್). ಚಾರ್ಜರ್ ಕೊಳ್ಳುವಾಗ ಒಂದು ವಿಷಯ ಖಚಿತಪಡಿಸಿಕೊಂಡೆ: ಕಾರಿನಿಂದ ಡಿಸಿ (ಬ್ಯಾಟರಿಯಲ್ಲಿರುವಂಥ ಒಂದೇ ದಿಕ್ಕಿನ ಕರೆಂಟ್) ಸೋರಿಕೆಯಾದರೆ ಅದನ್ನು ಆರು ಮಿಲಿಆಂಪಿಯರ್‌ನಲ್ಲೇ ಪತ್ತೆ ಹಚ್ಚುವ ವ್ಯವಸ್ಥೆ ಅದರೊಳಗೆ ಇರಬೇಕು. ಮನೆಗೆ ಹಾಕುವ ಸಾಧಾರಣ ಆರ್‌ಸಿಸಿಬಿ ಅಂಥ ಸೋರಿಕೆಯನ್ನು ಗುರುತಿಸುವುದಿಲ್ಲ. ಅಷ್ಟೇ ಅಲ್ಲ, ಅದರಿಂದ ಮಂಕಾಗಿ ನಿಜವಾದ ಆಘಾತದ ಹೊತ್ತಿನಲ್ಲೂ ಬೀಳದೆ ಉಳಿಯಬಹುದು. ಒದ್ದೆ ನೆಲದ ಮೇಲೆ, ಮಳೆಯಲ್ಲಿ, ಬರಿಗಾಲಿನಲ್ಲಿ ಮಕ್ಕಳು ಓಡಾಡುವ ಜಾಗ ಇದು. ಇಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ನಾನು ಒಪ್ಪಲಿಲ್ಲ. ಸಿಡಿಲಿನ ಕಾಟಕ್ಕೆ ಸರ್ಜ್ ರಕ್ಷಕವನ್ನೂ ಹಾಕಿಸಿದೆ. ಆದರೂ ಮೇ ತಿಂಗಳ ಗುಡುಗು ಮಳೆ ಶುರುವಾದರೆ ಪ್ಲಗ್ ಕಳಚಿಡುವಂತೆ ಅತಿಥಿಗಳಿಗೆ ಹೇಳುತ್ತೇನೆ.

ಮಾರಾಟಗಾರರು ಎಲ್ಲಕ್ಕಿಂತ ಹೆಚ್ಚು ಹೊಗಳಿದ್ದು ಆ್ಯಪ್ ಮೂಲಕ ನಡೆಯುವ ಸ್ಮಾರ್ಟ್ ಚಾರ್ಜರನ್ನು. ನಾನು ಬೇಡವೆಂದೆ. ನಮ್ಮ ಶೆಡ್ಡಿನ ಬಳಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜೊತೆಗೆ ಮಲೆನಾಡಿನ ರಾತ್ರಿಯಲ್ಲಿ ಕರೆಂಟ್ ಎರಡು, ಮೂರು ಬಾರಿ ಹೋಗಿ ಬರುತ್ತದೆ. ಪ್ರತಿ ಸಲವೂ ಯಾರಾದರೂ ಎದ್ದು ಆ್ಯಪ್‌ನಲ್ಲಿ ಮತ್ತೆ ಒತ್ತಬೇಕಾದರೆ ಬೆಳಗ್ಗೆ ಕಾರು ಅರ್ಧ ಹೊಟ್ಟೆಯಲ್ಲೇ ಇರುತ್ತದೆ. ಕರೆಂಟ್ ಬಂದ ಕೂಡಲೇ ತಾನಾಗಿ ಮುಂದುವರಿಯುವ, ಬೀಗದ ಕೈಯಿಂದ ಚಾಲೂ ಮಾಡುವ ಸರಳ ಪೆಟ್ಟಿಗೆಯನ್ನೇ ಆರಿಸಿದೆ. ಅದರಲ್ಲಿ ಆಂಪಿಯರ್ ಹೆಚ್ಚು ಕಡಿಮೆ ಮಾಡುವ ಗುಂಡಿ ಇದೆ. ಸಂಜೆ ಗೀಸರ್‌ಗಳು ಉರಿಯುವಾಗ 16ರಲ್ಲಿಟ್ಟು, ಊಟ ಮುಗಿದ ಮೇಲೆ ವೋಲ್ಟೇಜ್ ನೋಡಿ 32ಕ್ಕೆ ಏರಿಸುತ್ತೇನೆ.

ಇದಕ್ಕೆಲ್ಲ ಮೊದಲು ಮೂರು ಫೇಸ್ ಸಂಪರ್ಕದ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕಾಯಿತು. ಅರ್ಜಿ, ಠೇವಣಿ, ಪರಿಶೀಲನೆ ಎಂದು ಸಮಯ ಹಿಡಿಯುತ್ತದೆ. ಪ್ರವಾಸದ ಕಾಲ ಶುರುವಾಗುವುದಕ್ಕೆ ಬಹಳ ಮುಂಚೆಯೇ ಅರ್ಜಿ ಹಾಕುವುದು ಒಳ್ಳೆಯದು. ಚಾರ್ಜಿಂಗ್‌ಗೆ ದುಡ್ಡು ತೆಗೆದುಕೊಂಡರೆ ಕರೆಂಟ್ ಮಾರಿದಂತಾಗುವುದಿಲ್ಲವೇ ಎಂದು ಅಕ್ಕಪಕ್ಕದ ತೋಟದವರು ಕೇಳುತ್ತಾರೆ. ವಾಹನ ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ಅದಕ್ಕೆ ವಿದ್ಯುತ್ ಕಾಯ್ದೆಯಡಿ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಸಂಪರ್ಕ ಯಾವ ದರದ ವರ್ಗಕ್ಕೆ ಸೇರಬೇಕು ಎಂಬುದನ್ನು ಮಾತ್ರ ಅವರವರ ವಿದ್ಯುತ್ ಕಂಪನಿಯ ಉಪವಿಭಾಗದಲ್ಲಿ ಕೇಳಿ, ಬರಹದಲ್ಲಿ ಪಡೆದುಕೊಳ್ಳಬೇಕು.

ಉಚಿತವಾಗಿ ಕೊಡಬೇಕೇ ಎಂದು ಮನೆಯಲ್ಲಿ ಚರ್ಚೆಯಾಯಿತು. ಪೆಟ್ರೋಲ್ ಕಾರಿನಲ್ಲಿ ಬಂದವರೂ ಅದೇ ಬಾಡಿಗೆ ಕೊಡುವಾಗ ಒಬ್ಬರಿಗೆ ಮೂವತ್ತು ಯೂನಿಟ್ ಪುಕ್ಕಟೆ ಕೊಡುವುದು ನ್ಯಾಯವಲ್ಲ ಎಂಬುದು ನನ್ನ ನಿಲುವು. ಸಬ್ ಮೀಟರ್ ಹಾಕಿಸಿ, ಯೂನಿಟ್‌ಗೆ 12 ರೂಪಾಯಿ ಎಂದು ಶೆಡ್ಡಿನಲ್ಲೇ ಬರೆದಿಟ್ಟಿದ್ದೇನೆ. ಹೆದ್ದಾರಿಯ ವೇಗದ ಚಾರ್ಜರ್‌ಗಳಿಗಿಂತ ಇದು ಕಡಿಮೆ. ಪ್ಲಗ್ ಹಾಕುವಾಗ ಒಮ್ಮೆ, ತೆಗೆಯುವಾಗ ಒಮ್ಮೆ ಅತಿಥಿಯ ಎದುರೇ ಮೀಟರ್ ಓದಿ ಪುಸ್ತಕದಲ್ಲಿ ಬರೆಯುತ್ತೇವೆ. ಈ ಲೆಕ್ಕದ ಬಗ್ಗೆ ಇವತ್ತಿನವರೆಗೆ ಯಾರೂ ತಕರಾರು ಎತ್ತಿಲ್ಲ.

ಜನರೇಟರ್‌ನಿಂದ ಕಾರು ಚಾರ್ಜ್ ಮಾಡಿಕೊಡುವುದಿಲ್ಲ. ಒಂದು ಲೀಟರ್ ಡೀಸೆಲ್‌ಗೆ ಮೂರು ಯೂನಿಟ್ ಸಿಕ್ಕರೆ ಹೆಚ್ಚು, ಅಂದರೆ ಯೂನಿಟ್‌ಗೆ ಮೂವತ್ತು ರೂಪಾಯಿಯಷ್ಟು ಬೀಳುತ್ತದೆ. ಚಿಕ್ಕ ಜನರೇಟರ್‌ಗಳ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಅನ್ನು ಅರ್ಥ್‌ಗೆ ಜೋಡಿಸದಿದ್ದರೆ ಹಲವು ಕಾರುಗಳು ಅದನ್ನು ಒಪ್ಪುವುದೂ ಇಲ್ಲ. ಚಾರ್ಜಿಂಗ್ ಲೈನನ್ನು, ಮನೆಯನ್ನು ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚಿಗಿಂತ ಮೊದಲೇ ಕವಲೊಡೆಸಿದ್ದೇವೆ. ಕರೆಂಟ್ ಹೋದಾಗ ಮನೆಯ ದೀಪಗಳಷ್ಟೇ ಜನರೇಟರ್‌ಗೆ ಬರುತ್ತವೆ. ಜುಲೈನಲ್ಲಿ ಮರ ಬಿದ್ದು ಲೈನ್ ತುಂಡಾದರೆ ಒಂದು ಹಗಲು ರಾತ್ರಿ ಕರೆಂಟ್ ಇಲ್ಲದಿರುವುದೂ ಉಂಟು. ಆದ್ದರಿಂದ ಮಳೆಗಾಲದಲ್ಲಿ ಬರುವವರಿಗೆ ಹಾಸನದಲ್ಲೇ ಚೆನ್ನಾಗಿ ತುಂಬಿಸಿಕೊಂಡು ಬನ್ನಿ ಎಂದು ಮುಂಚಿತವಾಗಿ ಹೇಳಿಬಿಡುತ್ತೇನೆ. ಹಾಗೆ ಹೇಳಿದ್ದಕ್ಕೆ ಬುಕಿಂಗ್ ರದ್ದಾದರೂ ನನಗೆ ಬೇಸರವಿಲ್ಲ.

ಕಾಯ್ದಿರಿಸುವಾಗಲೇ ಮೂರು ಪ್ರಶ್ನೆ ಕೇಳುತ್ತೇನೆ: ಯಾವ ಕಾರು, ಎಷ್ಟು ಶೇಕಡಾ ಉಳಿಸಿಕೊಂಡು ತಲುಪಬಹುದು, ನಮ್ಮಲ್ಲಿಂದ ಮುಂದೆ ಎಲ್ಲಿಗೆ. ಕೊನೆಯ ಪ್ರಶ್ನೆ ಬಹಳ ಮುಖ್ಯ. ಕಳಸ, ಹೊರನಾಡು, ಮುಳ್ಳಯ್ಯನಗಿರಿ ಎಂದು ಸುತ್ತಿ ಮತ್ತೆ ನಮ್ಮಲ್ಲಿಗೇ ಬರುವವರಿಗೆ ಪೂರ್ತಿ ತುಂಬಿಸುವ ತುರ್ತು ಇಲ್ಲ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವವರಿಗಂತೂ ನೂರು ಶೇಕಡಾ ಬೇಡವೇ ಬೇಡ ಎನ್ನುತ್ತೇನೆ. ಇಳಿಜಾರಿನಲ್ಲಿ ಇವಿ ಕಾರು ಮೋಟಾರಿನಿಂದಲೇ ವೇಗ ತಗ್ಗಿಸಿ ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ಯಾಟರಿ ತುಂಬಿ ತುಳುಕುತ್ತಿದ್ದರೆ ಅದು ಹೋಗಲು ಜಾಗವಿರುವುದಿಲ್ಲ, ಆ ಹಿಡಿತ ತಗ್ಗಿ ಮಾಮೂಲಿ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ಚಾರ್ಮಾಡಿಯಂಥ ತಿರುವುಗಳಲ್ಲಿ ಮಂಜು ಮುಸುಕಿದಾಗ ಅದು ಆಟದ ಮಾತಲ್ಲ. ಎಂಬತ್ತೈದರಲ್ಲಿ ನಿಲ್ಲಿಸಿ ಹೊರಟವರು ಘಾಟಿಯ ಕೆಳಗೆ ತಲುಪಿದಾಗ ಹೊರಟಿದ್ದಕ್ಕಿಂತ ಹೆಚ್ಚು ತೋರಿಸುತ್ತಿದೆ ಎಂದು ಫೋನ್ ಮಾಡಿ ಸಂತೋಷ ಹಂಚಿಕೊಂಡದ್ದಿದೆ.

ಎಷ್ಟು ಹೇಳಿದರೂ ಕೆಲವರು ಕೋಣೆಯ ಕಿಟಕಿಯಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದುಕೊಳ್ಳಲು ನೋಡುತ್ತಾರೆ. ಅಂಥ ಒಂದು ಬೋರ್ಡನ್ನು ಶೆಡ್ಡಿನ ಮೊಳೆಗೆ ನೇತುಹಾಕಿದ್ದೇನೆ. ಪಿನ್ ಕೂರುವ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದಾಗಿ, ಒಂದು ಕಡೆ ಉಬ್ಬಿ, ಒಳಗಿನ ತಂತಿಯ ಹೊದಿಕೆ ಕರಗಿ ಅಂಟಿಕೊಂಡಿದೆ. ಗಂಟೆಗಟ್ಟಲೆ ಹದಿಮೂರು, ಹದಿನಾಲ್ಕು ಆಂಪಿಯರ್ ಹರಿಯುವುದನ್ನು ತೆಳು ತಂತಿ ತಡೆಯುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು ನೋಡಿದವರು ಮತ್ತೆ ವಾದಿಸುವುದಿಲ್ಲ. 16 ಆಂಪಿಯರ್ ಸಾಕೆಟ್ ಬಳಸುವವರು ಒಂದು ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡುವುದು ನಮ್ಮಲ್ಲಿ ಕಡ್ಡಾಯ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆ ಸಾಕೆಟ್ ಬದಲಾಯಿಸುವವರೆಗೆ ಯಾರಿಗೂ ಕೊಡುವುದಿಲ್ಲ.

ಈಚೆಗೆ ಮಂಗಳೂರು, ಹಾಸನದ ಕಡೆಯಿಂದ ವಿದ್ಯುತ್ ಸ್ಕೂಟರ್‌ಗಳಲ್ಲಿ ಬರುವ ಯುವಕ ಯುವತಿಯರು ಹೆಚ್ಚುತ್ತಿದ್ದಾರೆ. ಅವರ ಬ್ಯಾಟರಿಗೆ ಬೇಕಿರುವುದು ಮೂರು, ನಾಲ್ಕು ಯೂನಿಟ್ ಮಾತ್ರ, ಅದಕ್ಕಾಗಿ ಕಾರಿನ ಜಾಗ ಕಟ್ಟಿಹಾಕುವುದು ಸರಿಯಲ್ಲ. ಕಾಫಿ ಒಣಗಿಸುವ ಕಣದ ಪಕ್ಕದ ಜಗುಲಿಗೆ ಅದೇ ಅರ್ಥಿಂಗ್‌ನಿಂದ ಇನ್ನೊಂದು ಲೈನ್ ಎಳೆಸಿ, ಮಾಡಿನ ಕೆಳಗೆ ಸ್ಕೂಟರ್‌ಗಳಿಗೆಂದೇ ಎರಡು ಸಾಕೆಟ್ ಹಾಕಿಸುತ್ತಿದ್ದೇನೆ. ಮಳೆ ಹಿಡಿಯುವುದರೊಳಗೆ ಮುಗಿಸಿಕೊಡುವುದಾಗಿ ಎಲೆಕ್ಟ್ರಿಷಿಯನ್ ಮಾತು ಕೊಟ್ಟಿದ್ದಾನೆ.