ಒಂದು ಅಲೆಗೆರೆ ಕೊಟ್ಟ ಕಾಟ

ಜಪಾನಿನ ಒಂದು ಅಂಗಡಿ ಸರಣಿಯ ಹಳೇ ಡೇಟಾವನ್ನು ಹೊಸ ಡೇಟಾಬೇಸ್‌ಗೆ ಸಾಗಿಸುವ ಕೆಲಸ ನಮ್ಮ ಬೆಂಗಳೂರು ಟೀಮಿಗೆ ಬಂದಿತ್ತು. ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಕ್ರಮ ಹಳೆಯದರಲ್ಲಿ ಜಪಾನಿನ ಶಿಫ್ಟ್ ಜಿಸ್, ಹೊಸದರಲ್ಲಿ ಎಲ್ಲ ಭಾಷೆಗೂ ಆಗುವ ಯೂನಿಕೋಡ್‌ನ ಯುಟಿಎಫ್-8. ನನ್ನ ಹೆದರಿಕೆಯೆಲ್ಲ ಕಾಂಜಿಯದ್ದು, ಅಂದರೆ ಜಪಾನಿ ಬರಹದಲ್ಲಿ ಬರುವ ಚೀನೀ ಮೂಲದ ಅಕ್ಷರಗಳದ್ದು. ಆರು ಸಾವಿರಕ್ಕೂ ಜಾಸ್ತಿ ಅಕ್ಷರ. ಒಂದನ್ನೂ ಓದಲು ಬಾರದವನಿಗೆ ತಪ್ಪಾಗಿದೆ ಅಂತ ಗೊತ್ತಾಗುವುದಾದರೂ ಹೇಗೆ? ಆದರೆ ಕಾಂಜಿ ಒಂದೂ ಕೆಡಲಿಲ್ಲ. ಕೈಕೊಟ್ಟಿದ್ದು ಚಿಹ್ನೆಗಳು.

ಅಂಗಡಿ ತೆರೆದಿರುವ ಸಮಯ ಬರೆಯುವಾಗ ಜಪಾನಿನವರು 10ಕ್ಕೂ 18ಕ್ಕೂ ನಡುವೆ ಹಾವಿನಂತೆ ಬಳುಕಿದ ಗೆರೆಯೊಂದನ್ನು ಹಾಕುತ್ತಾರೆ, ನಾವು ‘ಇಂದ’ ಅನ್ನುವ ಜಾಗದಲ್ಲಿ. ನಮ್ಮ ಡೇಟಾಬೇಸ್‌ನಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಅಲ್ಲಿಂದ ರಾತ್ರಿ ಒಂದು ಫೈಲ್ ಅವರ ಹಳೇ ಸಿಸ್ಟಮ್‌ಗೆ ವಾಪಸ್ ಹೋಗಬೇಕು. ಬೆಳಿಗ್ಗೆ ನೋಡಿದರೆ ಎಲ್ಲ ಅಂಗಡಿಗೂ ‘10?18’. ಪಕ್ಕದ ಸೀಟಿನವನು ‘ಎಷ್ಟಕ್ಕೆ ಬಾಗಿಲು ಹಾಕ್ತಾರೆ ಅಂತ ಅವರಿಗೇ ಡೌಟಾ?’ ಅಂತ ನಕ್ಕ. ನನಗೆ ನಗು ಬರಲಿಲ್ಲ.

ಮೂಲ ಫೈಲನ್ನು ಹೆಕ್ಸ್‌ನಲ್ಲಿ, ಅಂದರೆ ಒಳಗಿನ ಬೈಟುಗಳು ಸಂಖ್ಯೆಯಾಗಿಯೇ ಕಾಣುವಂತೆ ತೆರೆದೆ. ಗೆರೆ ಇದ್ದಲ್ಲಿ ಎರಡು ಬೈಟ್: 81, 60. ಸರಿಯಾಗಿಯೇ ಇತ್ತು. ಆಮೇಲೆ ತಿಳಿಯಿತು, ಈ 8160ಕ್ಕೆ ಅರ್ಥ ಹೇಳುವ ಪಟ್ಟಿಗಳು ಎರಡಿವೆ. ಜಪಾನಿನ ಸ್ಟ್ಯಾಂಡರ್ಡ್ ಪಟ್ಟಿಯಲ್ಲಿ ಅದು ಯೂನಿಕೋಡ್‌ನ 301ಸಿ ನಂಬರಿನ ಅಕ್ಷರ, ವೇವ್ ಡ್ಯಾಶ್. ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಎಫ್‌ಎಫ್5ಇ, ಫುಲ್‌ವಿಡ್ತ್ ಟಿಲ್ಡೆ. ಕಣ್ಣಿಗೆ ಎರಡೂ ಹೆಚ್ಚುಕಮ್ಮಿ ಒಂದೇ. (ಯೂನಿಕೋಡ್ ಚಾರ್ಟಿನಲ್ಲೇ ವೇವ್ ಡ್ಯಾಶ್‌ನ ಅಲೆ ವರ್ಷಗಟ್ಟಲೆ ತಲೆಕೆಳಗಾಗಿತ್ತು. ಸರಿಯಾಗಿದ್ದು 2015ರ 8.0 ಆವೃತ್ತಿಯಲ್ಲಿ!) ನಾವು ಪ್ರೋಗ್ರಾಂ ಬರೆಯುತ್ತಿದ್ದ ಜಾವಾ ಭಾಷೆಯಲ್ಲಿ ಮೊದಲ ಪಟ್ಟಿಯ ಹೆಸರು ಶಿಫ್ಟ್ ಜಿಸ್, ಎರಡನೆಯದು ವಿಂಡೋಸ್-31ಜೆ. ಮಾತಿನಲ್ಲಿ ಮಾತ್ರ ಎಲ್ಲರಿಗೂ ಎರಡೂ ಶಿಫ್ಟ್ ಜಿಸ್ಸೇ.

ನಾನು ಓದಿದ್ದು ವಿಂಡೋಸ್ ಪಟ್ಟಿಯಲ್ಲಿ. ವಾಪಸ್ ಬರೆಯುವ ಪ್ರೋಗ್ರಾಂ ಸ್ಟ್ಯಾಂಡರ್ಡ್ ಪಟ್ಟಿ ಹಿಡಿದಿತ್ತು. ಅದರಲ್ಲಿ ಎಫ್‌ಎಫ್5ಇ ಇಲ್ಲವೇ ಇಲ್ಲ. ನಾವು ಬೇರೆ ಏನೂ ಹೇಳಿರಲಿಲ್ಲವಾದ್ದರಿಂದ ಜಾವಾ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಬರೆದು ಸುಮ್ನೆ ಮುಂದೆ ಹೋಗಿತ್ತು. ಎರರ್ ಕೂಡ ಇಲ್ಲ. ಅಕ್ಷರ ಕಲಸಿಹೋಗುವುದಕ್ಕೆ ಜಪಾನಿನವರು ಮೋಜಿಬಾಕೆ ಅನ್ನುತ್ತಾರೆ, ಅಂದರೆ ಅಕ್ಷರ ವೇಷ ಬದಲಿಸುವುದು. ಅದಾದರೂ ವಾಸಿ. ಹಳೇ ನುಡಿ ಫೈಲು ಗಜಿಬಿಜಿಯಾಗಿ ಕಂಡರೆ ಫಾಂಟ್ ಹಾಕಿದ ಕೂಡಲೇ ಕನ್ನಡ ವಾಪಸ್ ಬರುತ್ತದಲ್ವಾ? ಇಲ್ಲಿ ಹಾಗಲ್ಲ. ಒಮ್ಮೆ ಪ್ರಶ್ನಾರ್ಥಕ ಬಿತ್ತೆಂದರೆ ಹಿಂದೆ ಏನಿತ್ತು ಅಂತ ಆ ಫೈಲು ಹೇಳುವುದಿಲ್ಲ.

ಎರಡೂ ಕಡೆ ವಿಂಡೋಸ್-31ಜೆ ಮಾಡಿದೆ. ಸ್ಟ್ಯಾಂಡರ್ಡ್ ಪಟ್ಟಿಯನ್ನೇ ಯಾಕೆ ಹಿಡಿಯಲಿಲ್ಲ ಅಂದರೆ, ಸುತ್ತು ಹಾಕಿದ ಅಂಕಿಗಳು, ಕಂಪನಿ ಹೆಸರಿನ ಜೊತೆ ಬ್ರಾಕೆಟ್ ಸಮೇತ ಒಂದೇ ಅಕ್ಷರದ ಜಾಗದಲ್ಲಿ ಕೂರುವ ‘ಕಬು’ (ನಮ್ಮ ‘ಲಿ.’ ಥರ) ಚಿಹ್ನೆ, ಇವು ಅದರಲ್ಲಿಲ್ಲ. ವ್ಯಾಪಾರದ ಫೈಲುಗಳಲ್ಲೋ ಅವೇ ತುಂಬಿರುತ್ತವೆ. ಇಷ್ಟಾದರೂ ಮರುವಾರ ನಾಲ್ಕೈದು ಅಂಗಡಿಗಳಲ್ಲಿ ಮತ್ತೆ ಪ್ರಶ್ನಾರ್ಥಕ. ಆ ಸಮಯಗಳನ್ನು ಯಾರೋ ಮ್ಯಾಕ್‌ನಲ್ಲಿ ಟೈಪ್ ಮಾಡಿದ್ದರು, ಅಲ್ಲಿ ಬರುವುದು 301ಸಿ. ಈಗ ಅದು ವಿಂಡೋಸ್ ಪಟ್ಟಿಯಲ್ಲಿಲ್ಲ! ಬರೆಯುವ ಮುಂಚೆ 301ಸಿಯನ್ನು ಎಫ್‌ಎಫ್5ಇ ಮಾಡುವ ಒಂದು ಸಾಲು ಸೇರಿಸಿದೆ. ಜೊತೆಗೆ, ಪಟ್ಟಿಯಲ್ಲಿಲ್ಲದ ಅಕ್ಷರ ಸಿಕ್ಕರೆ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು ಅಂತ ಕಟ್ಟುನಿಟ್ಟು ಮಾಡಿದೆ.

ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಾಗಿಸುವ ಯೂನಿಕೋಡ್‌ನ ಎನ್‌ಎಫ್‌ಕೆಸಿ ವಿಧಾನ ಹಾಕಿ ಎಲ್ಲ ಒಂದೇ ಸಮ ಮಾಡಿಬಿಡೋಣ ಅನ್ನುವ ಸಲಹೆಯೂ ಬಂತು. ಮಾಡಿ ನೋಡಿದೆ. ಸುತ್ತಿನೊಳಗಿದ್ದ 1 ಬರೀ 1 ಆಯಿತು. ‘2’ರ ಪಕ್ಕ ಸುತ್ತು ಹಾಕಿದ 1 ಇದ್ದ ಐಟಂ ನಂಬರ್ 21 ಆಗಿ ಕೂತಿತು. ತಕ್ಷಣ ತೆಗೆದೆ.

ಕೊನೆಗೆ ಉಳಿದದ್ದು ಕಣ್ಣಿಗೇ ಕಾಣದ ಚಿಹ್ನೆ. ಹುಡುಕಿದರೆ ಕೆಲವು ಗ್ರಾಹಕರ ಹೆಸರು ಸಿಗುತ್ತಿರಲಿಲ್ಲ. ಹೆಸರಿನ ಕೊನೆಯಲ್ಲಿ ಒಂದು ಕಾಂಜಿಯಷ್ಟೇ ಅಗಲದ ಖಾಲಿ ಜಾಗ, ಯೂನಿಕೋಡ್ 3000. ತುದಿಯ ಖಾಲಿ ಜಾಗ ಕತ್ತರಿಸುವ ಜಾವಾದ ಟ್ರಿಮ್ ಅದನ್ನು ಮುಟ್ಟುವುದಿಲ್ಲ, ಜಾವಾ 11ರಲ್ಲಿ ಬಂದ ಸ್ಟ್ರಿಪ್ ತೆಗೆಯುತ್ತದೆ. ನಾವಿನ್ನೂ ಜಾವಾ 8ರಲ್ಲಿದ್ದೆವು. ಅದನ್ನು ತೆಗೆಯುವ ಕೋಡನ್ನು ನಾನೇ ಬರೆದೆ.